ಇರ್ದೆಯ ಬೆನ್ನೀರು

ಪಿಎಚ್.ಡಿ. ಪ್ರಬಂಧವನ್ನು ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದ ಮೇಲೆ ಅದನ್ನು ಮತ್ತೆ ತೆರೆದು ಓದುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. ನನಗಂತೂ ಇರಲಿಲ್ಲ. ಹಳಗನ್ನಡ ಜೈನ ಗದ್ಯದ ಪದಸಂಪತ್ತನ್ನು ಕುರಿತ ನನ್ನ ಪ್ರಬಂಧ ಮುಗಿದು ಈಗ ಮೂವತ್ತು ವರ್ಷ. ಅದರ ಕೊನೆಯ ಅನುಬಂಧದಲ್ಲಿ 'ಲುಪ್ತ ಪದಗಳು' ಎಂಬ ಪಟ್ಟಿಯೊಂದಿದೆ. ಒಂದು ಕಾಲದಲ್ಲಿ ಬಳಕೆಯಲ್ಲಿದ್ದು ಈಗ ಸಂಪೂರ್ಣವಾಗಿ ಬಿಟ್ಟುಹೋದವು ಎಂದು ನಾನು ತೀರ್ಮಾನಿಸಿದ ಪದಗಳು ಅಲ್ಲಿವೆ. ಅಕಾರಾದಿಯಲ್ಲಿ 'ಬ'ಕಾರದ ಕೆಳಗೆ ಬರುವ ಒಂದು ಪದ 'ಬೆನ್ನೀರ್'. ಅರ್ಥ: ಬಿಸಿನೀರು. ಮುಂದೆ ನಕ್ಷತ್ರದ ಗುರುತು, ಅಂದರೆ ಆಡುನುಡಿಯಲ್ಲೂ ಉಳಿದಿಲ್ಲ ಎಂದು. ಆ ಒಂದು ಗುರುತು ತಪ್ಪು ಎಂಬುದು ತಿಳಿದ ಬಗೆಯನ್ನೂ, ಆ ತಪ್ಪನ್ನು ತೋರಿಸಿಕೊಟ್ಟ ಪುಟ್ಟ ಹಳ್ಳಿಯನ್ನೂ ಕುರಿತು ಬರೆಯಬೇಕೆಂದು ಬಹುಕಾಲದಿಂದ ಅಂದುಕೊಂಡಿದ್ದೆ.

ನಾನು ಹಾಸನ ಸೀಮೆಯವನು. 1996ರಲ್ಲಿ ಪುತ್ತೂರಿನ ಕಡೆ ಕೆಲಸ ಸಿಕ್ಕಿದಾಗ ತುಳುವಿನ ಒಂದಕ್ಷರವೂ ಬರುತ್ತಿರಲಿಲ್ಲ. ಅಡಕೆ ತೋಟದ ಅಂಚಿನಲ್ಲಿದ್ದ ಹಳೆಯ ಮನೆಯೊಂದರ ಪಕ್ಕದ ಕೋಣೆ ಬಾಡಿಗೆಗೆ ದೊರೆಯಿತು. ಮನೆಯ ಯಜಮಾನಿತಿ ಅರುವತ್ತರ ಅಂಚಿನ ಹೆಂಗಸು. ಎಲ್ಲರೂ ಕರೆಯುವಂತೆ ನಾನೂ ಅವರನ್ನು 'ಅಮ್ಮ' ಎನ್ನುತ್ತಿದ್ದೆ. ಬಚ್ಚಲು ಮನೆಯ ಹೊರಗಡೆ ಬೇರೆಯಾಗಿ ಕಟ್ಟಿದ್ದ ಸಣ್ಣ ಗುಡಿಸಲಿನಂಥ ಕೊಟ್ಟಿಗೆಯಲ್ಲಿತ್ತು. ಅಲ್ಲಿ ಒಲೆಗೆ ಹೂತ ದೊಡ್ಡ ತಾಮ್ರದ ಹಂಡೆ, ಅದರ ಬಾಯಿಗೆ ಒಣಗಿದ ಅಡಕೆ ಸೋಗೆಯ ಬೆಂಕಿ. ಮೊದಲ ದಿನ ಸಂಜೆ ಕಾಲೇಜಿನಿಂದ ಬಂದು ಕೂತಿದ್ದೆ. ಅಮ್ಮ ಅಂಗಳದಿಂದಲೇ ಕೂಗಿದರು: "ಮಾಸ್ಟ್ರೇ, ಬೆಂದ್ರ್ ಆತ್ಂಡ್, ಮೀಯೆರೆ ಪೋಲೆ."

ಮೀಯುವುದು ಎಂಬ ಧಾತು ಹಳಗನ್ನಡ ಓದಿದವನಿಗೆ ತಿಳಿಯದ್ದಲ್ಲ. ಸ್ನಾನಕ್ಕೆ ಹೋಗಿ ಎನ್ನುತ್ತಿದ್ದಾರೆ ಎಂದು ಅರ್ಥವಾಯಿತು. ಆದರೆ 'ಬೆಂದ್ರ್' ಎಂದರೇನು? ಏನೋ ಬೆಂದಿದೆ, ಊಟಕ್ಕೆ ಮೊದಲು ಸ್ನಾನ ಮಾಡಿ ಬನ್ನಿ ಎನ್ನುತ್ತಿರಬೇಕೆಂದು ಭಾವಿಸಿ ಟವೆಲ್ ಹಿಡಿದು ಹೊರಟೆ. ಹಂಡೆಯಿಂದ ಮೊದಲ ಚೊಂಬು ನೀರನ್ನು ತಲೆಗೆ ಸುರಿದುಕೊಂಡಾಗ, ಸುಟ್ಟುಹೋಗುವಷ್ಟು ಬಿಸಿಯಾಗಿದ್ದ ಆ ನೀರಿನಲ್ಲೇ, ನನಗೆ ಪದ ಬಿಡಿಸಿಕೊಂಡಿತು. ಬೆಂ, ನೀರ್. ಬೆನ್ನೀರ್. ನಡುವಣ ಸ್ವರ ಉದುರಿ, ನಕಾರಕ್ಕೂ ರಕಾರಕ್ಕೂ ನಡುವೆ ದಕಾರವೊಂದು ಸೇರಿಕೊಂಡು ಬೆಂದ್ರ್. ನಾನು ನಕ್ಷತ್ರ ಹಾಕಿ ಹೂತುಬಂದಿದ್ದ ಪದ ಇಲ್ಲಿ ಪ್ರತಿದಿನ ಸಂಜೆ ಹೊಗೆಯಾಡುತ್ತಿತ್ತು.

ತುಳು ಬೇರೆ ಭಾಷೆ, ಅಲ್ಲಿ ಉಳಿದರೆ ಕನ್ನಡದಲ್ಲಿ ಉಳಿದಂತಾಯಿತೇ ಎಂದು ಕೇಳುವವರಿದ್ದಾರೆ. ಒಪ್ಪುತ್ತೇನೆ. ಆದರೆ ಕನ್ನಡ ಮಾತಾಡುವಾಗಲೂ ಪುತ್ತೂರಿನ ಜನ 'ಬೆಂದ್ರ್ ಆಯ್ತು' ಎನ್ನುವುದನ್ನು ಆಮೇಲೆ ಎಷ್ಟೋ ಸಲ ಕೇಳಿದ್ದೇನೆ. ಪುಸ್ತಕಗಳನ್ನು ಮಾತ್ರ ಮುಂದಿಟ್ಟುಕೊಂಡು ಆಡುನುಡಿಯ ಮೇಲೆ ತೀರ್ಪು ಕೊಟ್ಟದ್ದು ನನ್ನ ತಪ್ಪು. ಪರೀಕ್ಷಕರೂ ಅದನ್ನು ಗಮನಿಸದೆ ಹೋದದ್ದು ನನ್ನ ಅದೃಷ್ಟ.

ಈ ಪದದ ವಿಷಯದಲ್ಲಿ ಕನ್ನಡ ವಿಚಿತ್ರವಾಗಿ ನಡೆದುಕೊಂಡಿದೆ. ತಮಿಳರು ಇಂದಿಗೂ ಬಿಸಿನೀರನ್ನು 'ವೆನ್ನೀರ್' ಎನ್ನುತ್ತಾರೆ, ತೆಲುಗರು 'ವೇನ್ನೀಳ್ಳು' ಎನ್ನುತ್ತಾರೆ. ನಾವು 'ತಣ್ಣೀರು' ಎಂಬ ಒಂದು ಜೋಡಿಯನ್ನು ಜೋಪಾನವಾಗಿ ಉಳಿಸಿಕೊಂಡು ಅದರ ಸಂಗಾತಿಯನ್ನು ಕೈಬಿಟ್ಟೆವು. ಬೇ ಎಂಬ ಧಾತು ನಮ್ಮಲ್ಲಿ ಬೇಯಿಸುವುದರಲ್ಲಿ, ಬೇಗೆಯಲ್ಲಿ, ಬೇಸಗೆಯಲ್ಲಿ ಇನ್ನೂ ಗಟ್ಟಿಯಾಗಿದೆ, ನೀರಿನ ಜೊತೆಗೆ ಮಾತ್ರ ಇಲ್ಲ. ಬಿಸಿ ಎಂಬ ರೂಪ ಅದನ್ನು ತಳ್ಳಿತು. ತಳ್ಳಾಟ ಹಳೆಯದೇ ಇರಬೇಕು. ಚಂದ್ರನಿಗೆ ತಣ್ಗದಿರ ಎಂಬ ಹೆಸರಿದ್ದರೆ ಸೂರ್ಯನಿಗೆ ಬಿಸುಗದಿರ ಎಂಬುದು ಹಳಗನ್ನಡದಲ್ಲೇ ಇದೆ. ತರಗತಿಯಲ್ಲಿ 'ಬೆನ್ನೀರು' ಎಂದು ಬರೆದು ಬಿಡಿಸಲು ಹೇಳಿದರೆ ಈಗಿನ ವಿದ್ಯಾರ್ಥಿಗಳಲ್ಲಿ ಅರ್ಧದಷ್ಟು ಮಂದಿ 'ಬೆನ್ನಿನ ನೀರು' ಎನ್ನುತ್ತಾರೆ. ಒಬ್ಬ ಮಾತ್ರ 'ಅಣೆಕಟ್ಟಿನ ಹಿನ್ನೀರು ಸರ್' ಎಂದಿದ್ದ. ಅವನಿಗೆ ನಾನು ಮನಸ್ಸಿನಲ್ಲೇ ಹೆಚ್ಚು ಅಂಕ ಕೊಟ್ಟೆ.

ಅಮ್ಮನಿಗೆ ನನ್ನ ಸಂಭ್ರಮ ಅರ್ಥವಾಗಲಿಲ್ಲ. ಮಾರನೆಯ ದಿನ ಗಂಟಲು ಕೆಟ್ಟಿತ್ತು. ಹೊಸದಾಗಿ ಕಲಿತ ಪದವನ್ನು ಬಳಸುವ ಹುರುಪಿನಲ್ಲಿ ಕುಡಿಯಲು ಸ್ವಲ್ಪ ಬೆಂದ್ರ್ ಕೊಡಿ ಎಂದೆ. ಅವರು ಸೆರಗು ಬಾಯಿಗೆ ಹಿಡಿದು ನಕ್ಕರು. ಕುಡಿಯಲಿಕ್ಕೆ 'ಬೆಚ್ಚ ನೀರ್', ಮೀಯಲಿಕ್ಕೆ 'ಬೆಂದ್ರ್'. ಹಂಡೆಯ ನೀರನ್ನು ಯಾರಾದರೂ ಕುಡಿಯುತ್ತಾರೆಯೇ ಮಾಸ್ಟ್ರೇ? ಯಾವ ನಿಘಂಟಿನ ಅರ್ಥವಿವರಣೆಗಿಂತಲೂ ಸ್ಪಷ್ಟವಾದ ಭೇದ. ಕೊನೆಗೆ, ಬೆಂದ್ರಿನ ಮೇಲೆ ಅಷ್ಟು ಪ್ರೀತಿ ಇದ್ದರೆ ಇರ್ದೆಗೆ ಹೋಗಿ ಬನ್ನಿ, ಅಲ್ಲಿ ಒಲೆ ಇಲ್ಲದೆ ಬೆಂದ್ರ್ ಆಗುತ್ತದೆ ಎಂದರು.

ಇರ್ದೆ ಪುತ್ತೂರು ತಾಲೂಕಿನ ಒಂದು ಗ್ರಾಮ. ಪೇಟೆಯಿಂದ ಪಾಣಾಜೆಯ ಕಡೆಗೆ ಹೋಗುವ ದಾರಿಯಲ್ಲಿ, ಕೇರಳದ ಗಡಿಗೆ ಹತ್ತಿರ. ಬೆಟ್ಟಂಪಾಡಿಯ ನೆರೆ. ಬಯಲು ಸೀಮೆಯವರು ಊರು ಎಂದೊಡನೆ ಕಣ್ಣ ಮುಂದೆ ತಂದುಕೊಳ್ಳುವ, ಒತ್ತೊತ್ತಾಗಿ ಮನೆಗಳಿರುವ ಬೀದಿ ಅಲ್ಲಿಲ್ಲ. ಗುಡ್ಡದ ಬುಡದಲ್ಲೊಂದು, ತೋಟದ ಆಚೆಗೊಂದು ಎಂಬಂತೆ ಮನೆಗಳು. ನಡುವೆ ಅಡಕೆ, ತೆಂಗು, ಬಾಳೆ. ಸೀರೆ ಹೊಳೆಯ ದಡದಲ್ಲಿ, ತೋಟಗಳ ನಡುವೆ ಕಲ್ಲು ಕಟ್ಟಿದ ಚಚ್ಚೌಕದ ಕೊಳವೊಂದಿದೆ. ಅದೇ ಬೆಂದ್ರ್ ತೀರ್ಥ. ಕರ್ನಾಟಕದಲ್ಲಿ ಬಿಸಿನೀರಿನ ಬುಗ್ಗೆ ಎಂದು ಹೆಸರಾಗಿರುವ ಜಾಗ ಇದು. ದಕ್ಷಿಣ ಭಾರತಕ್ಕೆಲ್ಲ ಇದೊಂದೇ ಎಂದು ಪ್ರವಾಸದ ಪುಸ್ತಕಗಳು ಬರೆಯುವುದುಂಟು. ಅದು ಸರಿಯಲ್ಲ, ತೆಲಂಗಾಣದ ಗೋದಾವರಿ ಕಣಿವೆಯಲ್ಲಿ, ಮಣುಗೂರಿನ ಕಡೆ, ಬಿಸಿನೀರಿನ ಬುಗ್ಗೆಗಳಿವೆ. ಊರಿನ ಮೇಲಿನ ಅಭಿಮಾನಕ್ಕೆ ಅಂಥ ಉತ್ಪ್ರೇಕ್ಷೆ ಬೇಕೂ ಇಲ್ಲ.

ಹೆಸರಿನ ಬಗ್ಗೆ ಒಂದು ಮಾತು. ಹೊರಗಿನಿಂದ ಬಂದವರು ಇದನ್ನು 'ಬೇಂದ್ರೆ ತೀರ್ಥ' ಎಂದು ಓದಿ ವರಕವಿಗೂ ಈ ಊರಿಗೂ ಏನು ಸಂಬಂಧ ಎಂದು ಕೇಳುತ್ತಾರೆ. ಕನ್ನಡ ಎಂ.ಎ. ವಿದ್ಯಾರ್ಥಿಗಳೇ ನನ್ನನ್ನು ಹಾಗೆ ಕೇಳಿದ್ದಾರೆ. ಯಾವ ಸಂಬಂಧವೂ ಇಲ್ಲ. ಹೆಸರಿನಲ್ಲಿರುವುದು ಬರಿಯ ಬಿಸಿನೀರು. ಇಂಥ ಸ್ಥಳಗಳಿಗೆ ಜನ ಎಲ್ಲೆಡೆಯೂ ಹೀಗೆಯೇ, ಯಾವ ಅಲಂಕಾರವೂ ಇಲ್ಲದೆ ಹೆಸರಿಟ್ಟಿದ್ದಾರೆ. ಕೊಂಕಣದ ಉನ್ಹಾಳೆ, ಉನ್ಹವರೆಗಳಲ್ಲಿ ಸಂಸ್ಕೃತದ 'ಉಷ್ಣ' ಇದೆ. ಹಿಮಾಚಲದಲ್ಲೂ ಛತ್ತೀಸಗಢದಲ್ಲೂ ತತ್ತಾಪಾನಿಗಳಿವೆ, ಒಡಿಶಾದಲ್ಲಿ ತಪ್ತಪಾನಿ. ಪಾಲಿಯಲ್ಲಿ ರಾಜಗೃಹದ ಬುಗ್ಗೆಯ ಹೆಸರು 'ತಪೋದ'. ಋಷಿಯ ತಪಸ್ಸಿನ ಕಥೆ, ದೇವರ ಕೋಪದ ಕಥೆ ಎಲ್ಲ ಆಮೇಲೆ ಬರುತ್ತವೆ. ಮೊದಲು ಕೈ ಅದ್ದಿ ನೋಡಿದವನು ಆಡಿದ್ದು ಒಂದೇ ಮಾತು: ಬಿಸಿನೀರು.

ನಾನು ಮೊದಲ ಸಲ ಹೋದದ್ದು ಒಬ್ಬನೇ. ಎರಡನೆಯ ಸಲ, 1999ರ ಜನವರಿಯಲ್ಲಿ, ಅವ್ವನನ್ನು ಕರೆದುಕೊಂಡು ಹೋದೆ. ಈ ಬರಹ ನಿಜವಾಗಿ ಆ ದಿನದ ಬಗೆಗಿನದು.

ಅವ್ವ ಊರಿನಿಂದ ನನ್ನ ಸಂಸಾರ ಹೇಗಿದೆ ಎಂದು ನೋಡಲು ಬಂದಿದ್ದಳು. ಆ ಹೊತ್ತಿಗೆ ಅವಳು ಸಚಿತ್ತತ್ಯಾಗದ ನಿಯಮ ತೆಗೆದುಕೊಂಡು ಕೆಲವು ವರ್ಷವಾಗಿತ್ತು. ಶ್ರಾವಕನ ಹನ್ನೊಂದು ಪ್ರತಿಮೆಗಳಲ್ಲಿ ಅದು ಐದನೆಯದು ಎಂಬುದು ಈ ಬರಹಗಳನ್ನು ಓದುವವರಿಗೆ ಗೊತ್ತೇ ಇದೆ. ಜೀವವಿರುವ ಹಸಿ ಪದಾರ್ಥವನ್ನು ಬಾಯಿಗೆ ಇಡುವಂತಿಲ್ಲ, ಸೋಸಿ ಕಾಯಿಸದ ನೀರನ್ನು ಕುಡಿಯುವಂತಿಲ್ಲ. ಅವ್ವ ಎಲ್ಲಿ ಹೋದರೂ ಕಂಚಿನ ತಂಬಿಗೆಯಲ್ಲಿ ತನ್ನ ನೀರು, ಮಡಿಸಿಟ್ಟ ಎರಡು ಪದರದ ಸೋಸುವ ಬಟ್ಟೆ. ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದುದನ್ನು ಮೆಲ್ಲನೆ ಅದೇ ಬಾವಿಗೆ, ಅದೇ ಕೆರೆಗೆ ಮರಳಿಸಬೇಕು. ಒಂದು ನೀರಿನ ಜೀವಿಯನ್ನು ಇನ್ನೊಂದು ನೀರಿಗೆ ಬಿಡಬಾರದು. ಅವಳಿಗೆ ಓದು ಬರುತ್ತಿದ್ದುದು ಅಷ್ಟಕ್ಕಷ್ಟೆ. ಆದರೆ ಆಚರಣೆಯ ಸೂಕ್ಷ್ಮದಲ್ಲಿ ನನ್ನಂಥವರನ್ನು ದಾರಿಯಲ್ಲೇ ಬಿಟ್ಟು ಮುಂದೆ ಹೋಗಿಬಿಡುತ್ತಿದ್ದಳು.

ಬಸ್ಸಿನಿಂದ ಇಳಿದು ತೋಟದ ನಡುವಣ ದಾರಿಯಲ್ಲಿ ನಡೆದು ಕೊಳದ ಬಳಿ ಬಂದಾಗ ಬೆಳಗಿನ ಎಂಟು ಗಂಟೆ. ಚಳಿ ಇತ್ತು, ಕರಾವಳಿಯಲ್ಲಿ ಚಳಿ ಎನ್ನಬಹುದಾದಷ್ಟು. ನೀರಿನ ಮೇಲೆ ತೆಳುವಾದ ಹಬೆ. ತಳದಿಂದ ಗುಳ್ಳೆಗಳು ಸಾಲಾಗಿ ಎದ್ದು ಬಂದು ಮೇಲೆ ಒಡೆಯುತ್ತಿದ್ದವು. ಗಂಧಕದ ವಾಸನೆ ಮೂಗಿಗೆ ಸೋಕಿಯೂ ಸೋಕದಂತಿತ್ತು. ಚರ್ಮದ ಕಾಯಿಲೆ ವಾಸಿಯಾಗುತ್ತದೆಂದು ದೂರದಿಂದ ಬಂದ ಇಬ್ಬರು ಮೆಟ್ಟಿಲ ಮೇಲೆ ಕೂತು ಕಾಲು ಇಳಿಬಿಟ್ಟಿದ್ದರು. ಮಣಿಕರ್ಣದಂತೆ ಅಕ್ಕಿ ಬೇಯಿಸುವ ಬಿಸಿಯಲ್ಲ ಇದು. ಮೈಬಿಸಿಗಿಂತ ತುಸು ಮೇಲೆ, ಸುಮಾರು 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನದು. ಬಾಣಂತಿಗೆ ಎರೆಯಲು ಹದ ಮಾಡಿದ ನೀರಿನಂತೆ ಎಂದರೆ ಸರಿಯಾದೀತು.

ಅವ್ವ ಕೆಳಗಿನ ಮೆಟ್ಟಿಲಿಗೆ ಇಳಿದು ಬಗ್ಗಿ ಅಂಗೈ ಅದ್ದಿದಳು. ಬಹಳ ಹೊತ್ತು ಹಾಗೆಯೇ ಇದ್ದಳು. ನಾನು ಮೈ ತೊಳೆದುಕೊಳ್ಳುತ್ತೀಯೇನವ್ವ ಎಂದೆ. ಇಳಿಯುವುದಿಲ್ಲ ಎಂದಳು.

"ಇದರಲ್ಲಿ ಜೀವ ಇದೆಯೋ ಇಲ್ಲವೋ ಮಗ?"

ನನಗೆ ಉತ್ತರ ಹೊಳೆಯಲಿಲ್ಲ.

"ಇಲ್ಲ ಅಂದರೆ ಎಲ್ಲ ಬೆಂದುಹೋಗಿವೆ ಅಂತ ತಾನೆ? ಮನೇಲಿ ನೀರು ಕಾಯಿಸಿದರೆ ಆ ಪಾಪ ಕಾಯಿಸಿದವರಿಗೆ. ಇದನ್ನ ಕಾಯಿಸಿದ ಪಾಪ ಯಾರಿಗೆ?"

ನಾನು ಕಾಲೇಜು ಮೇಷ್ಟ್ರ ಧಾಟಿಯಲ್ಲಿ ವಿವರಿಸಿದೆ. ಮಳೆಯ ನೀರು ಬಂಡೆಯ ಬಿರುಕುಗಳಲ್ಲಿ ಇಳಿಯುತ್ತದೆ. ಭೂಮಿಯೊಳಗೆ ಒಂದೊಂದು ಕಿಲೋಮೀಟರ್ ಇಳಿದಂತೆ ಶಾಖ ಸುಮಾರು 25ರಿಂದ 30 ಡಿಗ್ರಿ ಏರುತ್ತದೆ. ಅಲ್ಲಿ ಕಾದ ನೀರು ಹಗುರವಾಗಿ, ಒತ್ತಡಕ್ಕೆ ಸಿಕ್ಕಿ, ಇನ್ನೊಂದು ಬಿರುಕಿನಿಂದ ಮೇಲೆ ಬರುತ್ತದೆ. ಜ್ವಾಲಾಮುಖಿ ಇರಲೇಬೇಕೆಂದಿಲ್ಲ. ಇಷ್ಟೆಲ್ಲ ಹೇಳಿ ಮುಗಿಸಿದೆ. ಅವ್ವ ಕೈಯನ್ನು ಸೆರಗಿಗೆ ಒರೆಸಿಕೊಂಡು, "ಅದು ಸರಿ. ನಾನು ಕೇಳಿದ್ದು ಅದಲ್ಲ" ಎಂದಳು. ಆಮೇಲೆ ಮೇಲಿನ ಮೆಟ್ಟಿಲಲ್ಲಿ ಕೂತು ತನ್ನ ತಂಬಿಗೆಯ ಆರಿದ ನೀರು ಕುಡಿದಳು. ಎದುರಿಗೆ ಒಂದು ಕೊಳದ ತುಂಬ ಬಿಸಿನೀರು.

ಆ ಪ್ರಶ್ನೆಯನ್ನು ಹಳ್ಳಿ ಹೆಂಗಸಿನ ಮುಗ್ಧತೆ ಎಂದು ಭಾವಿಸಿ ಒಂದೆರಡು ಕಡೆ ಗೆಳೆಯರಿಗೆ ತಮಾಷೆಯಾಗಿ ಹೇಳಿಯೂ ಇದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಏಕೆಂದರೆ ಅದು ಮುಗ್ಧ ಪ್ರಶ್ನೆಯಾಗಿರಲಿಲ್ಲ, ಶಾಸ್ತ್ರಕಾರರು ಎತ್ತಿಕೊಂಡ ಪ್ರಶ್ನೆಯೇ ಆಗಿತ್ತು. ಅದು ನನಗೆ ತಿಳಿಯುವ ಹೊತ್ತಿಗೆ ಅವ್ವ ಇರಲಿಲ್ಲ.

2009ರಲ್ಲಿ, ಶ್ರಾವಕಾಚಾರಗಳನ್ನು ಕುರಿತ ಒಂದು ಉಪನ್ಯಾಸಕ್ಕಾಗಿ ಓದುತ್ತಿದ್ದಾಗ, ಶಿವಕೋಟಿಯ ಹೆಸರಿನಲ್ಲಿರುವ 'ರತ್ನಮಾಲಾ' ಎಂಬ ಚಿಕ್ಕ ಸಂಸ್ಕೃತ ಗ್ರಂಥದಲ್ಲಿ ಒಂದು ಶ್ಲೋಕ ಸಿಕ್ಕಿತು. (ಈ ಶಿವಕೋಟಿಯನ್ನು 'ವಡ್ಡಾರಾಧನೆ'ಗೆ ಅಂಟಿಕೊಂಡಿರುವ ಶಿವಕೋಟ್ಯಾಚಾರ್ಯನೊಡನೆ ಬೆರೆಸಬಾರದು. ಹೆಸರೊಂದೇ ಎಂಬ ಕಾರಣಕ್ಕೆ ನಮ್ಮಲ್ಲಿ ಎಷ್ಟು ಗೋಜಲಾಗಿದೆ ಎಂಬುದು ಸಾಹಿತ್ಯ ಚರಿತ್ರೆ ಓದಿದವರಿಗೆ ತಿಳಿದಿದೆ.) ಯಾವ ಯಾವ ನೀರು ತಾನಾಗಿಯೇ ಪ್ರಾಸುಕ, ಅಂದರೆ ಜೀವರಹಿತ ಎಂದು ಆ ಶ್ಲೋಕ ಹೇಳುತ್ತದೆ. ಬಂಡೆಯನ್ನು ಬಡಿದು ಸಿಡಿದು ಬರುವ ನೀರು, ಘಟೀಯಂತ್ರದ ಹೊಡೆತಕ್ಕೆ ಸಿಕ್ಕ ನೀರು, ಮೂರನೆಯದಾಗಿ ಕಾದ ಬಾವಿಗಳ ನೀರು. ನಾನು ಪುಸ್ತಕ ಮುಚ್ಚಿ ಎದ್ದು ಹೊರಗೆ ಬಂದೆ. ಹತ್ತು ವರ್ಷ ತಡವಾಗಿ ಬಂದ ಉತ್ತರ. ಕುಡಿಯಬಹುದಿತ್ತು ಅವ್ವ, ಸೋಸಿ ಕುಡಿಯಬಹುದಿತ್ತು.

ಆದರೆ ವಿಷಯ ಅಲ್ಲಿಗೆ ನಿಲ್ಲಲಿಲ್ಲ. ಶ್ವೇತಾಂಬರ ಆಗಮಗಳಲ್ಲಿ ಐದನೆಯ ಅಂಗವಾದ 'ಭಗವತೀ ಸೂತ್ರ', ಅದರ ನಿಜವಾದ ಹೆಸರಿನಲ್ಲಿ 'ವಿಯಾಹಪಣ್ಣತ್ತಿ', ತನ್ನ ಎರಡನೆಯ ಶತಕದಲ್ಲಿ ರಾಜಗೃಹದ ಬಿಸಿನೀರಿನ ಬುಗ್ಗೆಯನ್ನೇ ಚರ್ಚೆಗೆ ಎತ್ತಿಕೊಳ್ಳುತ್ತದೆ. ದಿಗಂಬರ ಪರಂಪರೆ ಈ ಪಾಠವನ್ನು ಪ್ರಮಾಣವೆಂದು ಒಪ್ಪುವುದಿಲ್ಲ. ಆದರೂ ನಮ್ಮ ನೆಲದ ಒಂದು ನೈಸರ್ಗಿಕ ವಿದ್ಯಮಾನದ ಬಗೆಗಿನ ಬಹು ಹಳೆಯ ವಾದವಾಗಿ ಅದನ್ನು ಓದದೆ ಬಿಡಲಾಗದು. ಅನ್ಯತೀರ್ಥಿಕರು ಹೇಳುತ್ತಾರಂತೆ: ವೈಭಾರ ಪರ್ವತದ ಬುಡದಲ್ಲಿ ಅನೇಕ ಯೋಜನಗಳಷ್ಟು ದೊಡ್ಡ ಮಡುವಿದೆ, ಅಲ್ಲಿ ಮೋಡಗಳು ಕೂಡಿ ಮಳೆಗರೆಯುತ್ತವೆ, ಹೆಚ್ಚಾದದ್ದು ಬಿಸಿನೀರಾಗಿ ಹರಿಯುತ್ತದೆ. ಗೌತಮನು ಇದು ನಿಜವೇ ಎಂದು ಕೇಳುತ್ತಾನೆ. ಮಹಾವೀರನ ಉತ್ತರ: ಅಲ್ಲ. ವೈಭಾರಕ್ಕೆ ಸಮೀಪದಲ್ಲಿ ಐನೂರು ಧನುಷ್ಯದಷ್ಟು ಉದ್ದಗಲದ 'ಮಹಾತಪೋಪತೀರಪ್ರಭವ' ಎಂಬ ಬುಗ್ಗೆ ಇದೆ. ಅಲ್ಲಿ ಉಷ್ಣಯೋನಿಯ ಅನೇಕ ಜೀವಗಳೂ ಪುದ್ಗಲಗಳೂ ನೀರಾಗಿ ಹುಟ್ಟುತ್ತವೆ, ಅಳಿಯುತ್ತವೆ. ಅದರಿಂದ ಹೆಚ್ಚಾದದ್ದು ಸದಾ ಬಿಸಿಯಾಗಿ ಹೊರಕ್ಕೆ ಸುರಿಯುತ್ತದೆ.

ಈ ಎರಡು ಪಠ್ಯಗಳನ್ನು ಎದುರು ಬದುರು ಇಟ್ಟು ನೋಡಬೇಕು. ರತ್ನಮಾಲೆಯ ದೃಷ್ಟಿಯಲ್ಲಿ ಬಿಸಿನೀರಿನ ಬುಗ್ಗೆ ಎಂದರೆ ಒಲೆಯ ಮೇಲೆ ಕಾಯಿಸಿದ ನೀರಿನ ಹಾಗೆ. ಶಾಖ ಎಂಬುದು ಜೀವವನ್ನು ಕಳೆಯುವ ವಸ್ತು. ಭಗವತಿಯ ದೃಷ್ಟಿಯಲ್ಲಿ ಆ ಶಾಖವೇ ಕೆಲವು ಜೀವಗಳ ಹುಟ್ಟುಮನೆ. ಅಲ್ಲಿ ಯಾರೂ ಏನನ್ನೂ ಕಾಯಿಸಿಲ್ಲ, ಆದ್ದರಿಂದ ಪಾಪದ ಪ್ರಶ್ನೆ ಏಳುವುದಿಲ್ಲ. ಅವ್ವನ ಎರಡನೆಯ ಪ್ರಶ್ನೆಗೆ ಇದು ಉತ್ತರ. ಆದರೆ ಆ ಉತ್ತರವನ್ನು ಒಪ್ಪಿದರೆ ಮೊದಲನೆಯ ಪ್ರಶ್ನೆಗೆ 'ಜೀವ ಇದೆ' ಎನ್ನಬೇಕಾಗುತ್ತದೆ, ಆಗ ಕುಡಿಯುವಂತಿಲ್ಲ! ಶೀತ, ಉಷ್ಣ, ಮಿಶ್ರ ಯೋನಿಗಳ ವಿಂಗಡಣೆ 'ತತ್ತ್ವಾರ್ಥಸೂತ್ರ'ದ ಎರಡನೆಯ ಅಧ್ಯಾಯದಲ್ಲಿ ಎರಡೂ ಪರಂಪರೆಗಳಿಗೆ ಸಮಾನವಾಗಿದೆ. ಪೂಜ್ಯಪಾದರ 'ಸರ್ವಾರ್ಥಸಿದ್ಧಿ'ಯೂ ಅಗ್ನಿಕಾಯಿಕ ಜೀವಗಳಿಗೆ ಉಷ್ಣಯೋನಿಯೊಂದನ್ನೇ ಹೇಳಿ, ಉಳಿದ ಏಕೇಂದ್ರಿಯಗಳಿಗೆ ಮೂರನ್ನೂ ಬಿಟ್ಟುಕೊಟ್ಟಿದೆ. ಹಾಗಾಗಿ ಬಿಸಿಯಲ್ಲಿ ಹುಟ್ಟುವ ನೀರಿನ ಜೀವ ಎಂಬ ಕಲ್ಪನೆ ದಿಗಂಬರ ತತ್ತ್ವಕ್ಕೂ ಹೊರಗಿನದಲ್ಲ. ತತ್ತ್ವಗ್ರಂಥ ತೆರೆದಿಟ್ಟ ಬಾಗಿಲನ್ನು ಆಚಾರಗ್ರಂಥ ಏಕೆ ಮುಚ್ಚಿತು? ದಾರಿ ನಡೆಯುವ ಮುನಿಗೆ ನೀರು ಸಿಗಬೇಕಲ್ಲ ಎಂಬ ವ್ಯವಹಾರದ ಕಾರಣ ಇರಬಹುದೆಂದು ನನ್ನ ಊಹೆ. ಸಂಶೋಧಕರು ಯಾರಾದರೂ ಇದನ್ನು ಕೈಗೆತ್ತಿಕೊಂಡರೆ ಸಂತೋಷ.

ಇಲ್ಲೊಂದು ಎಚ್ಚರಿಕೆ. ಈ ಭಾಗವನ್ನು ಓದಿದ ಕೂಡಲೇ ಕೆಲವರು, ಅಮೆರಿಕದ ಯೆಲ್ಲೋಸ್ಟೋನಿನ ಬಿಸಿಬುಗ್ಗೆಯಲ್ಲಿ ಬದುಕುವ ಸೂಕ್ಷ್ಮಾಣುವನ್ನು 1969ರಲ್ಲಿ ವಿಜ್ಞಾನಿಗಳು ವಿವರಿಸಿದ್ದನ್ನು ನಮ್ಮವರು ಎರಡು ಸಾವಿರ ವರ್ಷ ಮೊದಲೇ ಹೇಳಿದ್ದರು ಎಂದು ಭಾಷಣ ಮಾಡುತ್ತಾರೆ. ನನಗೆ ಈ ಅಭ್ಯಾಸ ಹಿಡಿಸುವುದಿಲ್ಲ. ಆಗಮ ಹೇಳುವ ಅಪ್ಕಾಯ ಜೀವ ನೀರಿನಲ್ಲಿ ಇರುವ ಹುಳುವಲ್ಲ, ನೀರನ್ನೇ ದೇಹವಾಗಿ ಉಳ್ಳದ್ದು. ಸೂಕ್ಷ್ಮದರ್ಶಕಕ್ಕೆ ಅದು ಸಿಗುವುದಿಲ್ಲ, ಸಿಗಬೇಕೆಂಬ ಉದ್ದೇಶವೂ ಆ ಪಠ್ಯಕ್ಕಿಲ್ಲ. ಎರಡನ್ನೂ ಬೆರೆಸಿದರೆ ಎರಡಕ್ಕೂ ಅನ್ಯಾಯ.

ಆ ರಾಜಗೃಹವನ್ನು ನೋಡಲೆಂದೇ 2012ರಲ್ಲಿ ಹೋಗಿ ಬಂದೆ. ವೈಭಾರದ ಬುಡದ ಬ್ರಹ್ಮಕುಂಡದಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ಬೌದ್ಧರ ವಿನಯಪಿಟಕದಲ್ಲಿ ಇದೇ ಬುಗ್ಗೆಯ ಕಥೆಯೊಂದಿದೆ: ಬಿಂಬಿಸಾರ ಮೀಯಲು ಬಂದನಂತೆ, ಭಿಕ್ಷುಗಳು ಮೀಯುತ್ತಲೇ ಇದ್ದರಂತೆ, ಅವರು ಮುಗಿಸಲಿ ಎಂದು ರಾಜ ಕಾದನಂತೆ. ಕತ್ತಲಾಗಿ ನಗರದ ಬಾಗಿಲು ಮುಚ್ಚಿತು; ಅರಸು ರಾತ್ರಿಯನ್ನು ಊರ ಹೊರಗೇ ಕಳೆದ. ಆಮೇಲೆ ಹದಿನೈದು ದಿನಕ್ಕೊಮ್ಮೆ ಮಾತ್ರ ಸ್ನಾನ ಎಂಬ ನಿಯಮ ಬಂತು. ಆ ನೂಕುನುಗ್ಗಲಿನಲ್ಲಿ ನಿಂತಾಗ ಬಿಂಬಿಸಾರನ ಮೇಲೆ ಕನಿಕರ ಹುಟ್ಟಿತು. ನನಗೆ ಇರ್ದೆಯ ಆ ಬೆಳಗು, ಮೆಟ್ಟಿಲ ಮೇಲಿನ ಇಬ್ಬರು ರೋಗಿಗಳು, ಮೌನವಾದ ಗುಳ್ಳೆಗಳು ನೆನಪಾದವು. ಬಿಸಿನೀರಿನ ಜೊತೆ ಮನುಷ್ಯ ಒಬ್ಬನೇ ಇರಬೇಕಾದರೆ ಸಣ್ಣ ಊರೇ ಬೇಕು.

ಕಳೆದ ಏಪ್ರಿಲಿನಲ್ಲಿ ಮತ್ತೆ ಇರ್ದೆಗೆ ಹೋದೆ. ಪುತ್ತೂರು ತಾಲೂಕಿನ ಜಲಸಂಬಂಧಿ ಸ್ಥಳನಾಮಗಳ ಮೇಲೆ ಕೆಲಸ ಮಾಡುತ್ತಿರುವ ನನ್ನ ಸಂಶೋಧನ ವಿದ್ಯಾರ್ಥಿನಿ ಜೊತೆಗಿದ್ದಳು. ನಾನು ದಾರಿಯುದ್ದಕ್ಕೂ ಹಬೆಯನ್ನೂ ಗುಳ್ಳೆಗಳನ್ನೂ ವರ್ಣಿಸಿದ್ದೆ. ಕೊಳದಲ್ಲಿ ನೀರು ತಳ ಹಿಡಿದಿತ್ತು. ತರಗೆಲೆ ಬಿದ್ದು ಕೊಳೆತಿತ್ತು. ಗುಳ್ಳೆಗಳು ಬರಲೇ ಇಲ್ಲವೆನ್ನಲಾರೆ. ಬಹಳ ಹೊತ್ತು ಕಾದರೆ ಒಂದು, ಆಮೇಲೆ ಇನ್ನೊಂದು. ಬಗ್ಗಿ ಕೈ ಅದ್ದಿದೆ. ಬೆಚ್ಚಗಿತ್ತು. ಆದರೆ ಏಪ್ರಿಲಿನ ಬಿಸಿಲಿಗೆ ಸಿಮೆಂಟಿನ ತೊಟ್ಟಿಯ ನೀರೂ ಅಷ್ಟು ಬೆಚ್ಚಗಿರುತ್ತದೆ.

"ಸರ್, ಇದು ಭೂಮಿಯ ಬಿಸಿಯಾ, ಬಿಸಿಲಿನ ಬಿಸಿಯಾ?" ಎಂದಳು ಆಕೆ. ಮತ್ತೊಮ್ಮೆ ಅದೇ ಮೆಟ್ಟಿಲ ಮೇಲೆ ನನಗೆ ಉತ್ತರ ಹೊಳೆಯಲಿಲ್ಲ.

ಪಕ್ಕದ ತೋಟದಲ್ಲಿ ಹಾಳೆ ಹೆಕ್ಕುತ್ತಿದ್ದ ಹಿರಿಯರೊಬ್ಬರು ಬಂದು ಮಾತಾಡಿಸಿದರು. ಮಳೆಗಾಲ ಕಳೆದ ಮೇಲೆ ಬನ್ನಿ, ಆಗ ಚೆನ್ನಾಗಿರುತ್ತದೆ ಎಂದರು. ಕಾರಣ ಕೇಳಿದ್ದಕ್ಕೆ ಕೈಯನ್ನು ಸುತ್ತ ಒಮ್ಮೆ ಬೀಸಿ, "ಬೋರ್" ಎಂದಷ್ಟೇ ಹೇಳಿದರು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಜಿಲ್ಲೆಯಲ್ಲಿ ಬೇಸಗೆಗೆ ಅಡಕೆ ಒಣಗುತ್ತದೆ ಎಂದರೆ ಬಯಲು ಸೀಮೆಯವರು ನಂಬುವುದಿಲ್ಲ. ಮಳೆಗಾಲದ ನೀರು ನಿಲ್ಲದೆ ಕಡಲಿಗೆ ಓಡುತ್ತದೆ. ಹಿಂದೆ ತೋಡಿಗೆ ಕಟ್ಟ ಹಾಕಿ, ಕೆರೆ ತೋಡಿ, ಗುಡ್ಡದ ಬದಿಗೆ ಸುರಂಗ ಕೊರೆದು ನೀರು ಹಿಡಿಯುತ್ತಿದ್ದ ಜನ ಈಗ ಕೊಳವೆಬಾವಿಗಳನ್ನು ನೆಚ್ಚಿದ್ದಾರೆ. ತೋಟ ಉಳಿಸಿಕೊಳ್ಳುವವನನ್ನು ದೂರುವ ಅಧಿಕಾರ, ತಿಂಗಳ ಸಂಬಳದ ನನಗಿಲ್ಲ.

ಆದರೂ ಲೆಕ್ಕ ಹಾಕಿದೆ. ಈ ಕಡೆ ಮಾಮೂಲು ಬಾವಿಯ ನೀರಿಗಿಂತ ಹತ್ತು ಹನ್ನೆರಡು ಡಿಗ್ರಿ ಹೆಚ್ಚು ಬಿಸಿ ಬರಬೇಕಾದರೆ ನೀರು ಅರ್ಧ ಕಿಲೋಮೀಟರಿನಷ್ಟಾದರೂ ಆಳಕ್ಕೆ ಇಳಿದು ಬಂದಿರಬೇಕು. ಏರುವಾಗ ಆರುತ್ತದಾದ್ದರಿಂದ ಇನ್ನೂ ಹೆಚ್ಚೇ ಇರಬೇಕು. ನಮ್ಮ ಬೋರುಗಳು ಅಷ್ಟು ಆಳಕ್ಕೆ ಹೋಗಬೇಕಾಗಿಯೇ ಇಲ್ಲ. ನೀರು ಮೇಲೇರುವ ಬಿರುಕಿನಲ್ಲಿ 500 ಅಡಿಯಲ್ಲೆಲ್ಲೋ ಒಂದು ಬಾಯಿ ತೆರೆದರೆ ಒತ್ತಡ ಅಲ್ಲೇ ಬಿಟ್ಟುಹೋಗುತ್ತದೆ. ಯಾರದೋ ತೋಟದ ಪೈಪಿನಲ್ಲಿ ತುಸು ಬೆಚ್ಚಗಿನ ನೀರು ಬರುತ್ತಿರಬಹುದು, ಅಡಕೆಯ ಬುಡಕ್ಕೆ ಅದು ಬಿಸಿಯೋ ತಣ್ಣಗೋ ಎಂದು ಯಾರು ಮುಟ್ಟಿ ನೋಡುತ್ತಾರೆ? ಇದು ಭೂವಿಜ್ಞಾನಿಗಳು ಅಳೆದು ಹೇಳಬೇಕಾದ ಮಾತು. ನಾನು ಹೇಳಿದ್ದು ಕನ್ನಡ ಮೇಷ್ಟ್ರ ಲೆಕ್ಕ.

ವಿದ್ಯಾರ್ಥಿನಿ ತನ್ನ ಪುಸ್ತಕ ತೆರೆದಿದ್ದಳು. ಅವಳ ನಮೂನೆಯಲ್ಲಿ ಪ್ರತಿ ಸ್ಥಳನಾಮಕ್ಕೂ ಎರಡು ಅಂಕಣ: ಹೆಸರು ಬಳಕೆಯಲ್ಲಿದೆಯೇ, ಹೆಸರು ಸೂಚಿಸುವ ವಸ್ತು ಇದೆಯೇ. ಕೆರೆ ಮುಚ್ಚಿಹೋಗಿ ಹೆಸರಿನಲ್ಲಿ ಮಾತ್ರ 'ಕೆರೆ' ಉಳಿದ ಊರುಗಳು ಅವಳ ಪಟ್ಟಿಯಲ್ಲಿ ಬಹಳ ಇವೆ. ಬೆಂದ್ರ್ ತೀರ್ಥಕ್ಕೆ ಎರಡನೆಯ ಅಂಕಣದಲ್ಲಿ ಏನು ಬರೆಯಲಿ ಎಂದು ಕೇಳಿದಳು. ನವೆಂಬರಿನಲ್ಲಿ ಇನ್ನೊಮ್ಮೆ ಬರೋಣ, ಬೆಳಗಿನ ಹೊತ್ತು ನೋಡಿ ಬರೆಯೋಣ, ಅಲ್ಲಿಯವರೆಗೆ ಖಾಲಿ ಬಿಡು ಎಂದೆ. ನಕ್ಷತ್ರ ಹಾಕುವ ಆತುರ ನನ್ನಲ್ಲಿ ಈಗ ಉಳಿದಿಲ್ಲ.

ಮರಳುವ ದಾರಿಯಲ್ಲಿ ನಾನು ಬಾಡಿಗೆಗಿದ್ದ ಮನೆಗೆ ಹೋದೆವು. ಅಮ್ಮ ತೀರಿಕೊಂಡು ಆರು ವರ್ಷವಾಗಿದೆ. ಮಗ, ಸೊಸೆ, ಮೊಮ್ಮಗಳು ಇದ್ದಾರೆ. ಹಂಡೆಯ ಕೊಟ್ಟಿಗೆ ಇದ್ದ ಜಾಗದಲ್ಲಿ ಬೈಕು ನಿಂತಿತ್ತು. ತಾಮ್ರದ ಹಂಡೆಯನ್ನು ಗುಜರಿಗೆ ಹಾಕಲು ಮನಸ್ಸಾಗದೆ ಅಂಗಳದ ಮೂಲೆಯಲ್ಲಿ ಇಟ್ಟು, ಅದರಲ್ಲಿ ಮಲ್ಲಿಗೆ ಗಿಡ ನೆಟ್ಟಿದ್ದಾರೆ. ಬೆಲ್ಲ, ನೀರು ಕೊಟ್ಟು ಕೂರಿಸಿ ಸೊಸೆ ಒಳಗೆ ಚಹಾ ಮಾಡುತ್ತಿದ್ದಳು. ಶಾಲೆಯಿಂದ ಬಂದ ಮೊಮ್ಮಗಳು ಬಚ್ಚಲ ಕಡೆ ಓಡಿ ಗೋಡೆಯ ಗೀಸರಿನ ಸ್ವಿಚ್ಚು ಒತ್ತಿದಳು. ಸ್ವಲ್ಪ ಹೊತ್ತಿನಲ್ಲಿ ಕೆಂಪು ದೀಪ ಆರಿರಬೇಕು. ಒಳಗಿನಿಂದ ಅವಳ ಧ್ವನಿ ಕೇಳಿಸಿತು: "ಅಮ್ಮಾ, ಬೆಂದ್ರ್ ಆತ್ಂಡ್!"

ವಿದ್ಯಾರ್ಥಿನಿ ನನ್ನ ಕಡೆ ನೋಡಿ, ಪೆನ್ನು ತೆಗೆದು, ಮೊದಲನೆಯ ಅಂಕಣದಲ್ಲಿ 'ಇದೆ' ಎಂದು ಬರೆದುಕೊಂಡಳು.